ಆರೋಗ್ಯವಂತರ ಗುಂಪು

"ಇದನ್ನ ಈ ಗುಂಪಿಗೆ ಸೇರಿಸಿದ್ದು ಯಾರು?"

ವಿಜ್ಞಾನಿಯ ದನಿ ಕೇಳಿ ತಂತ್ರಜ್ಞ ಬಾಗಿಲಲ್ಲೇ ನಿಂತ. ಪರದೆಯ ಮೇಲೆ ಮಿದುಳಿನ ಅಲೆಗಳು ಸಾಲುಸಾಲಾಗಿ ಹರಿಯುತ್ತಿದ್ದವು. ಸ್ವಲ್ಪ ದೂರ ಮಾಮೂಲಾಗಿ ಹೋಗಿ, ಇದ್ದಕ್ಕಿದ್ದಂತೆ ಎಲ್ಲ ಸಾಲುಗಳೂ ಒಟ್ಟಿಗೆ ಚೂಪಾಗಿ ಎದ್ದು ಬೀಳುತ್ತಿದ್ದವು. ಆಮೇಲೆ ಏನೂ ಆಗಿಲ್ಲವೆಂಬಂತೆ ತಣ್ಣಗಾಗುತ್ತಿದ್ದವು.

"ಇದು ಆರೋಗ್ಯವಂತ ಮಕ್ಕಳ ಗುಂಪು. ಹೋಲಿಸಿ ನೋಡೋಕೆ ಅಂತ ತಗೊಂಡಿದ್ದು. ಇದ್ರಲ್ಲಿ ಮೂರ್ಛೆ ಇರೋ ಮಗು ಹೇಗೆ ಬಂತು?"

"ನಂಬರ್ ಅದಲುಬದಲು ಆಗಿಲ್ಲ ಮೇಡಂ. ನಾನೇ ನೋಡಿ ಹಾಕಿದ್ದು."

"ಹಾಗಾದ್ರೆ ಅಲೆ ಸುಳ್ಳು ಹೇಳ್ತಿದೆಯಾ?"

ತಂತ್ರಜ್ಞ ಏನೋ ಹೇಳಲು ಬಾಯಿ ತೆರೆದ. ಅವನು ಕಿಟಕಿಯ ಬಳಿ ನಿಂತಿದ್ದ, ಅವಳ ಮುಖವನ್ನೇ ನೋಡುತ್ತಿದ್ದ.

"ಏನಂದ್ರಿ?"

"ಏನಿಲ್ಲ ಮೇಡಂ. ಯೋಚನೇಲಿ ಇದ್ರಲ್ಲ, ಸುಮ್ಮನಾದೆ."

ಅಷ್ಟು ಮರ್ಯಾದೆ ಅಲ್ಲಿ ಎಲ್ಲರೂ ಕೊಡುತ್ತಿದ್ದರು. ಬೆನ್ನ ಹಿಂದೆ ಅವಳಿಗೆ 'ತಪಸ್ವಿನಿ' ಎಂದು ಹೆಸರು. ಅಷ್ಟು ಸಾಧಿಸಿದವಳು ತಪಸ್ಸು ಮಾಡದೆ ಇರುತ್ತಾಳೆಯೇ?

ಅವಳು ವೃತ್ತಿಯುದ್ದಕ್ಕೂ ಒಂದೇ ಬಗೆಯ ಮೂರ್ಛೆಯ ಬೆನ್ನು ಹತ್ತಿದ್ದಳು. ಇದರಲ್ಲಿ ಮಗು ಬೀಳುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ಕಣ್ಣು ಬಿಟ್ಟುಕೊಂಡೇ ಕೆಲವು ಕ್ಷಣ ಎಲ್ಲೋ ಹೋಗಿ ಬರುತ್ತದೆ. ಹೋಗಿದ್ದು ಅದಕ್ಕೇ ಗೊತ್ತಿರುವುದಿಲ್ಲ. ಗಮನವಿಲ್ಲವೆಂದು ಮೇಷ್ಟ್ರು ಬೈಯುತ್ತಾರೆ, ಹಗಲುಗನಸೆಂದು ಮನೆಯವರು ನಗುತ್ತಾರೆ. ಇದು ಎಲ್ಲರಿಗಿಂತ ಕೊನೆಗೆ ಕಾಣುವುದು ಮನೆಯವರ ಕಣ್ಣಿಗೆ ಎಂದು ಭಾಷಣಗಳಲ್ಲಿ ಹೇಳಿ ಅವಳು ಚಪ್ಪಾಳೆ ಗಿಟ್ಟಿಸಿದ್ದಳು.

ಕೆಲಸದಲ್ಲಿ ಅವಳದು ಬಲು ಕಟ್ಟುನಿಟ್ಟು. ದಾಖಲೆ ಓದುವವರಿಗೆ ಅಲೆ ಮಾತ್ರ ಸಿಗಬೇಕು. ಹೆಸರು, ವಯಸ್ಸು, ಜೊತೆಗೆ ತೆಗೆದ ವಿಡಿಯೋ ಯಾವುದೂ ಕಾಣಕೂಡದು. ಮುಖ ಕಂಡರೆ ಮನಸ್ಸು ಕರಗಿ ತೀರ್ಪು ಕೆಡುತ್ತದೆ. ಹಾಗೆಂದು ಮಕ್ಕಳ ಹತ್ತಿರ ಅವಳೇನೂ ಬಿಗುಮಾನದವಳಲ್ಲ. ಅಲೆ ಹಿಡಿಯುವ ತಂತಿಗಳ ಟೋಪಿ ಕಂಡು ಯಾವ ಮಗುವೂ ಹೆದರಬಾರದೆಂದು ಮೊದಲು ತಾನೇ ಹಾಕಿಕೊಂಡು, ಕತೆ ಹೇಳಿ ನಗಿಸಿ, ಆಮೇಲೆ ಮಗುವಿಗೆ ಹಾಕಿಸುತ್ತಿದ್ದಳು. ತಾಯಂದಿರಿಗೆ ಅವಳೆಂದರೆ ಪ್ರಾಣ.

ಮತ್ತೆ ಅಲೆಗಳಿಗೆ ಬಗ್ಗಿದಳು. ದಾಖಲೆ ಚಿಕ್ಕದಿತ್ತು. ಉದ್ದಕ್ಕೂ ದವಡೆ ಆಡಿದಾಗ ಮೂಡುವ ಗೀರುಗಳು. ಮಗು ವಟವಟ ಮಾತಾಡಿದೆ. ಅಲೆ ಚೂಪಾಗಿ ಎದ್ದಾಗ ಮಾತ್ರ ಮಾತು ನಿಂತಿದೆ. ನಡುನಡುವಿನ ಮಾಮೂಲು ಅಲೆಯೂ ಪುಟ್ಟ ಮಕ್ಕಳದಕ್ಕಿಂತ ಚುರುಕು. ವಯಸ್ಸಾದಂತೆ ಅದು ಚುರುಕಾಗುತ್ತದೆ. ಹಾಗಾದರೆ ಇದು ಈ ಗುಂಪಿನಲ್ಲೇ ದೊಡ್ಡ ಮಗು.

ಒಂದು ಮಗು ಕಡಿಮೆಬಿದ್ದಿತ್ತೆಂದು ಅವಳು ತನ್ನ ಮಗಳನ್ನೇ ಕರೆತಂದಿದ್ದಳು. ಗುಂಪಿನಲ್ಲಿ ಅವಳೇ ದೊಡ್ಡವಳು. ಮಹಾ ಮಾತುಗಾರ್ತಿ ಬೇರೆ.

ಕಣ್ಣೆದುರೇ ಇದ್ದದ್ದು ಈಗ ಕಂಡಿತು. ತಿಂಡಿಯ ಹೊತ್ತಿಗೆ ಗೆಳತಿಯ ಸುದ್ದಿ ಹೇಳುತ್ತಿದ್ದವಳು ತಲೆಬುಡವಿಲ್ಲದೆ "ಅದಕ್ಕೇ ಅವಳು ಅತ್ಲು" ಎನ್ನುತ್ತಾಳೆ. ಯಾವುದಕ್ಕೆ ಎಂದರೆ, "ಹೇಳಿದ್ನಲ್ಲಮ್ಮಾ." ಹೇಳಿರುವುದೇ ಇಲ್ಲ. ಶಾಲೆಯ ಪ್ರವಾಸಕ್ಕೆ ಹೋಗಲಾ ಎಂದು ಕೇಳಿಯೇ ಇಲ್ಲ. ಕೇಳಿದ್ದೆ ಎಂದು ಒಂದೇ ಹಠ. ಮಾತಿನ ನಡುವೆ ಥಟ್ಟನೆ ಸುಮ್ಮನಾಗಿ ದಿಟ್ಟಿಸುತ್ತಾಳೆ. ಇತ್ತೀಚೆಗಂತೂ ಕಾರಿನಲ್ಲಿ ಬಿಡುತ್ತೇನೆಂದರೆ ಬೇಡ, ಬಸ್ಸಿನಲ್ಲೇ ಹೋಗುತ್ತೇನೆ ಎನ್ನುತ್ತಾಳೆ. ಬೆಳೆಯುವ ವಯಸ್ಸಿನ ಮೊಂಡುತನ ಎಂದುಕೊಂಡಿದ್ದಳು. "ನಿನ್ನ ಗಮನ ಎಲ್ಲಿರುತ್ತೆ?" ಎಂದು ಮೊನ್ನೆ ತಾನೇ ಬೈದು ಅಳಿಸಿದ್ದಳು.

"ಯಾವ ಮಗು ಅಂತ ತೆಗೀರಿ."

"ಮೇಡಂ, ಗುರುತು ಬಯಲಾದ್ರೆ ಇಡೀ ಅಧ್ಯಯನ ಕೆಡತ್ತೆ. ಇಷ್ಟು ವರ್ಷದ್ದು."

"ಕೆಡಲಿ."

ತಂತ್ರಜ್ಞ ಕೀಲಿಮಣೆ ಒತ್ತಿದ. ಪರದೆ ನೋಡಿದ, ಅವಳನ್ನು ನೋಡಿದ. "ಇದು... ನಿಮ್ಮ ಮಗಳ ನಂಬರು ಮೇಡಂ."

ಊರ ಮಕ್ಕಳನ್ನೆಲ್ಲ ಕಂಡ ಕಣ್ಣಿಗೆ ಮನೆಯ ಮಗು ಕಾಣಲಿಲ್ಲ. ಎಂಥ ತಾಯಿ ನಾನು ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ವಿಡಿಯೋ ಹಾಕಿ."

"ಒಂದು ನಿಮಿಷ ಮೇಡಂ. ಈ ನಂಬರಲ್ಲಿ ಎರಡು ದಾಖಲೆ ಇವೆ. ಅವತ್ತು ನಾನು ಸ್ವಲ್ಪ ಬೇಗನೇ ರೆಕಾರ್ಡಿಂಗ್ ಶುರು ಮಾಡಿಬಿಟ್ಟಿದ್ದೆ ಅನ್ಸತ್ತೆ. ನಿಮಗೆ ಬಂದಿರೋದು ಮೊದಲನೇದು, ಅದು..."

"ಹಾಕಿ ಅಂದ್ನಲ್ಲ!"

ಪರದೆಯಲ್ಲಿ ಮಗಳು ಕಂಡಳು. ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. ತಲೆಯ ಮೇಲೆ ಟೋಪಿ ಇರಲಿಲ್ಲ.

ಟೋಪಿ ಇದ್ದದ್ದು ಪಕ್ಕದ ಕುರ್ಚಿಯಲ್ಲಿದ್ದವಳ ತಲೆಯ ಮೇಲೆ. "ನೋಡೇ, ಒಂಚೂರೂ ನೋವಾಗಲ್ಲ. ನಾನು ಹಾಕ್ಕೊಂಡಿಲ್ವಾ, ಸುಮ್ನೆ ಹೀಗೆ..." ಎನ್ನುತ್ತಿದ್ದವಳು ಅರ್ಧಕ್ಕೆ ನಿಂತಳು. ಕಣ್ಣು ತೆರೆದೇ ಇತ್ತು. ವಿಡಿಯೋದ ಕೆಳಗೆ ಹರಿಯುತ್ತಿದ್ದ ಅಲೆಗಳೆಲ್ಲ ಒಟ್ಟಿಗೆ ಚೂಪಾಗಿ ಎದ್ದವು. ಮಗಳು ಗಾಬರಿಯಾಗಲಿಲ್ಲ, ಯಾರನ್ನೂ ಕೂಗಲಿಲ್ಲ. ರೂಢಿಯಾದವಳ ಹಾಗೆ ಕಾಲಾಡಿಸುವುದನ್ನು ನಿಲ್ಲಿಸಿ, ಟೋಪಿಯವಳ ಕೈಯನ್ನು ಹಿಡಿದುಕೊಂಡು, ಅಲೆ ತಣ್ಣಗಾಗುವವರೆಗೂ ಕಾದಳು.

"ಬಂದ್ಯಾ ಅಮ್ಮಾ?" ಎಂದಳು.