ಇವತ್ತಿನ ಉತ್ತರ

ದಿಕ್ಸೂಚಿಯ ಉತ್ತರ ದಿನಕ್ಕೊಂದು ಕಡೆ ಸರಿಯುತ್ತಿದ್ದ ಕಾಲವದು. ಬೆಳಿಗ್ಗೆ ರೇಡಿಯೊದಲ್ಲಿ ಹವಾಮಾನದ ಜೊತೆ ಅದನ್ನೂ ಹೇಳುತ್ತಿದ್ದರು.

ಆ ದಿನ ದಟ್ಟ ಮಂಜು. ಪೈಲಟ್ ದೇಚಮ್ಮನ ಪುಟ್ಟ ವಿಮಾನದಲ್ಲಿ ಹೃದಯದ ಕಾಯಿಲೆಯ ಕೂಸು, ಅದರ ತಾಯಿ ರೇಷ್ಮಾ ಆಸ್ಪತ್ರೆಗೆ ಹೊರಡಲು ಕಾಯುತ್ತಿದ್ದರು.

"ದೊಡ್ಡ ವಿಮಾನವೊಂದು ಆ ಕಡೆ ಬರ್ತಿದೆ. ಮೇಲೇರಿ ಉತ್ತರಕ್ಕೆ ತಿರುಗಿ," ಎಂದ ವೈರ್‌ಲೆಸ್‌ನಲ್ಲಿ ಪಕ್ಕದ ದೊಡ್ಡ ವಿಮಾನ ನಿಲ್ದಾಣದ ಟವರ್ ಅಧಿಕಾರಿ.

"ಯಾವ ಉತ್ತರ ಸರ್? ರೇಡಿಯೊದವ್ರು ಹೇಳಿದ್ದಾ, ನನ್ನ ದಿಕ್ಸೂಚಿ ತೋರಿಸ್ತಿರೋದಾ?"

ಆತ ತಡವರಿಸಿದ. "ಇಲ್ಲಿ ಮೂರನೇದೊಂದು ತೋರಿಸ್ತಿದೆ ಮೇಡಂ."

ದೇಚಮ್ಮ ಹಿಂದಿರುಗಿ ನೋಡಿದಳು. ಕೂಸಿನ ತುಟಿ ನೀಲಿಯಾಗುತ್ತಿತ್ತು.

"ದಿಕ್ಕು ಬಿಡಿ. ದೊಡ್ಡ ವಿಮಾನ ನನ್ನ ಯಾವ ಕೈಗಿದೆ?"

"ಎಡಗೈಗೆ."

ಅವಳು ಮೇಲೇರಿ ಬಲಕ್ಕೆ ತಿರುಗಿದಳು. ಎಡಗಡೆ ಭಾರಿ ಸದ್ದೊಂದು ದಾಟಿಹೋಯಿತು.

"ಆಸ್ಪತ್ರೆ ಈ ಕಡೇನಾ ಅಕ್ಕ?" ರೇಷ್ಮಾ ಕೇಳಿದಳು.

"ಗೊತ್ತಿಲ್ಲಮ್ಮ. ಮೇಲೆ ಹೋಗಿ ಸೂರ್ಯನ್ನ ನೋಡೋಣ."

ಮಂಜು ದಾಟಿದಾಗ ಬೆಳಗಿನ ಸೂರ್ಯ ಎದುರಿಗೇ ಕಂಡ. ಪಶ್ಚಿಮದಲ್ಲಿದ್ದ ಆಸ್ಪತ್ರೆ ಬೆನ್ನ ಹಿಂದಿತ್ತು. ದೇಚಮ್ಮ ವಿಮಾನ ತಿರುಗಿಸಿದಳು.