ವಲ್ಲಿಯ ಕೆಳಗಿನ ದರ

ದಲಾಲಿ ಕೊಟ್ರಪ್ಪ ಹೆಗಲ ಮೇಲಿನ ವಲ್ಲಿಯನ್ನು ಬಲಗೈ ಮೇಲೆ ಹರವಿ ಮುಂದೆ ಚಾಚಿದ. ಮೂವರು ಖರೀದಿದಾರರು ಒಬ್ಬೊಬ್ಬರಾಗಿ ಬಂದು, ಬಟ್ಟೆಯ ಅಡಿಗೆ ಕೈ ತೂರಿಸಿ, ಅವನ ಬೆರಳು ಅದುಮಿ ತಮ್ಮ ತಮ್ಮ ದರ ತಿಳಿಸಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಕೊಟ್ರಪ್ಪ ವಲ್ಲಿ ಕೊಡವಿ, ಮುಂಡರಗಿಯ ಆ ಅಂಗಡಿಯಂಗಳಕ್ಕೆಲ್ಲ ಕೇಳುವಂತೆ ದರ ಕೂಗಿ, "ಹರ್ತಿ ಹೊಳೆಯಪ್ಪನ ಹತ್ತಿ ಮೈಲಾರಪ್ಪಗ ಆತು!" ಎಂದ.

ಕಟ್ಟೆಯ ಮೇಲೆ ಕುಳಿತಿದ್ದ ಕೊಟ್ರಪ್ಪನ ಮಗಳು ಸುಮಿತ್ರೆ ಆ ದರ ಬರೆದುಕೊಂಡಳು. ಅದರ ಪಕ್ಕ ಉಳಿದವರ ದರಕ್ಕೆಂದು ಬಿಟ್ಟ ಜಾಗ ಮಾತ್ರ ಎಂದಿನಂತೆ ಖಾಲಿ ಉಳಿಯಿತು. ಕನ್ನಡ ನಾಡು ಒಂದಾದ ಮೇಲಿನ ಮೊದಲ ಹತ್ತಿ ಸುಗ್ಗಿ ಅದು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದ ಅವಳಿಗೆ, ಪೇಟೆಯಲ್ಲಿ ಹತ್ತಿಯ ದರ ಹೇಗೆ ಹುಟ್ಟುತ್ತದೆ ಎಂದು ಪ್ರಬಂಧ ಬರೆಯುವ ಆಸೆ. "ಕೂಗಿದ ದರ ಯಾರಾದರೂ ತರುತ್ತಾರೆ. ಕೂಗದೆ ಬಿಟ್ಟ ದರವನ್ನೂ ತಾ. ಆಗದಿದ್ದರೆ ವಿಷಯ ಬದಲಿಸು," ಎಂದಿದ್ದರು ಗುರುಗಳು. "ಇದೊಂದು ಆಗಲಿಲ್ಲಂದ್ರ ಓದು ಸಾಕು, ಮನ್ಯಾಗ ಇರು," ಎಂದಿದ್ದ ಅಪ್ಪ. ಬಂದಾಗಿನಿಂದ ಪೇಟೆಯೆಲ್ಲ ಸುತ್ತಿ ಕೇಳಿದ್ದಳು. ಖರೀದಿದಾರರು ನಕ್ಕಿದ್ದರು, ದಲಾಲಿಗಳು ಚಹಾ ತರಿಸಿಕೊಟ್ಟಿದ್ದರು. ಉತ್ತರ ಮಾತ್ರ ಯಾರೂ ಕೊಟ್ಟಿರಲಿಲ್ಲ.

ಅವಳು ಎದ್ದು ರೈತ ಹೊಳೆಯಪ್ಪನ ಚಕ್ಕಡಿಯ ಹತ್ತಿರ ಹೋದಳು.

"ಕಾಕಾ, ಉಳದ ಇಬ್ರು ನಿಮ್ಮ ಹತ್ತೀಗೆ ಎಷ್ಟು ಕೇಳಿದ್ರು?"

"ನನಗೆಲ್ಲಿ ಗೊತ್ತಾಗತೈತಿ ತಂಗಿ? ನನಗ ವಲ್ಲಿ ಅಳ್ಳಾಡೂದಷ್ಟ ಕಾಣತೈತಿ. ನಿಮ್ಮಪ್ಪ ಸಾವ್ಕಾರ್ರು ಏನ ಕೂಗ್ತಾರ, ಅದ ದರ."

ಈ ಮಾತು ಸುಮಿತ್ರೆಗೆ ಚುರುಕ್ಕೆಂದಿತು. ವರ್ಷವಿಡೀ ಮೈಮುರಿದು ಬೆಳೆದವನಿಗೇ ತಿಳಿಯದ ದರ! ಅವಳು ನೇರ ಅಪ್ಪನೆದುರು ಹೋಗಿ ನಿಂತಳು.

"ಅಪ್ಪಾ, ಉಳದ ದರ ಹೇಳು."

"ಹುಚ್ಚಿ. ವಲ್ಲಿ ಕೆಳಗಿನ ಮಾತು ಬಾಯಾಗ ಬರಬಾರ್ದು. ನಮ್ಮ ಅಜ್ಜನ ಕಾಲದಿಂದ ನಡದು ಬಂದೈತಿ."

"ಹಂಗಾರ ಬಾಯಿಲೆ ಬ್ಯಾಡ."

ಅವನ ಹೆಗಲಿನಿಂದ ವಲ್ಲಿಯನ್ನು ಎಳೆದುಕೊಂಡು, ತನ್ನ ಬಲಗೈ ಮೇಲೆ ಹರವಿ, ಸುಮಿತ್ರೆ ಅಪ್ಪನ ಮುಂದೆ ಕೈ ಚಾಚಿದಳು. ಅಂಗಳ ಗೊಳ್ಳೆಂದಿತು. "ಸಾವ್ಕಾರ್ರ, ಮಗಳು ಖರೀದಿಗೆ ನಿಂತಾಳ ನೋಡ್ರಿ!" ಎಂದು ಮೈಲಾರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಕೊಟ್ರಪ್ಪ ನಗಲಿಲ್ಲ. ಇವಳು ಲಂಗ ಉಟ್ಟು ಓಡಾಡುವಾಗ, ಸಂತೆಯಿಂದ ಬಂದವನೇ ಇದೇ ವಲ್ಲಿಯಡಿ ಬೆರಳು ಅದುಮಿ, ಕಿಸೆಯಲ್ಲಿ ಎಷ್ಟು ಪೇಢೆ ಇವೆ ಎಂದು ಇವಳಿಂದ ಹೇಳಿಸುತ್ತಿದ್ದ. ಸರಿ ಹೇಳಿದರೆ ಪೇಢೆ ಅವಳದು. ಆ ಲೆಕ್ಕ ಅವಳಿಗೆ ಮರೆತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಈಗ ಕೈ ಕೊಡದಿದ್ದರೆ ಅಂಗಳದ ಕಣ್ಣಿಗೆ ತಾನು ಕಳ್ಳನಾಗುತ್ತೇನೆ ಎಂಬುದೂ ಗೊತ್ತಿತ್ತು.

ಅವನ ಕೈ ನಿಧಾನವಾಗಿ ವಲ್ಲಿಯ ಅಡಿಗೆ ಬಂತು. ಮೊದಲು ಮೈಲಾರಪ್ಪನ ದರ: ಕೂಗಿದ್ದೇ. ಎರಡನೆಯವನದು ಅದಕ್ಕಿಂತ ಕಡಿಮೆ. ಮೂರನೆಯವನು ಗದಗಿನಿಂದ ಅಂದೇ ಬಂದ ಹೊಸಬ. ಅವನ ದರಕ್ಕೆ ಬಂದಾಗ ಅಪ್ಪನ ಬೆರಳು ತಡೆಯಿತು. ಸುಳ್ಳು ಒತ್ತಬಹುದಿತ್ತು. ಒತ್ತಲಿಲ್ಲ. ಕೂಗಿದ್ದಕ್ಕಿಂತ ಹೆಚ್ಚಿನ ದರವೊಂದು ಮಗಳ ಅಂಗೈಗೆ ಬಂತು. ಸುಮಿತ್ರೆ ತಲೆಯೆತ್ತಿ ಅಪ್ಪನ ಮುಖ ನೋಡಿದಳು.

"ಮೈಲಾರಪ್ಪ ಹಳೇ ಗಿರಾಕಿ ತಂಗಿ," ಎಂದ ಕೊಟ್ರಪ್ಪ, ಅವಳಿಗಷ್ಟೇ ಕೇಳುವಂತೆ. "ಆ ಹೊಸಾಂವ ಇವತ್ತ ಬರ್ತಾನ, ನಾಳೆ ಹೊಕ್ಕಾನ. ನಮ್ಮ ಅಂಗಡಿದೂ ಬರೀತಿಯೇನು?"

"ಮೊದ್ಲ ನಮ್ಮದ ಬರೀತೀನಿ. ಇಲ್ಲಂದ್ರ ಉಳದವ್ರನ್ನ ಕೇಳಾಕ ನನಗ ಮಾರಿ ಎಲ್ಲೈತಿ?"

ಹೊಳೆಯಪ್ಪ ಇಷ್ಟೊತ್ತೂ ವಲ್ಲಿಯನ್ನು ನೋಡಿರಲಿಲ್ಲ, ಆ ಹುಡುಗಿಯ ಮುಖ ನೋಡುತ್ತಿದ್ದ. ಅದು ಬಾಡಿದ್ದನ್ನು ಕಂಡವನು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಬಂದ.

"ಸಾವ್ಕಾರ್ರ, ಹತ್ತಿ ನಂದೈತಿ. ನನ್ನ ಕೈಗೂ ಒಂದೀಟು ಹೇಳ್ರಲ್ಲ." ಆಮೇಲೆ ತುಸು ನಾಚಿ, "ಆದ್ರ ನನಗ ಆ ಬೆರಳಿನ ಲೆಕ್ಕ ತಿಳಿಯೂದಿಲ್ಲ. ತಂಗಿ, ನೀನರ ಕಲಸ್ತಿಯೇನು?"

ನಗು ನಿಂತಿತು. ಚಕ್ಕಡಿಗಳ ನೆರಳಲ್ಲಿ ಕುಳಿತಿದ್ದ ರೈತರೆಲ್ಲ ಎದ್ದು ಬಂದರು. ಮೈಲಾರಪ್ಪ ತನ್ನ ಚಪ್ಪಲಿ ಹುಡುಕತೊಡಗಿದ. ಸುಮಿತ್ರೆ ವಲ್ಲಿಯನ್ನು ನೀಟಾಗಿ ಮಡಚಿ ಅಪ್ಪನ ಹೆಗಲಿಗೆ ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನದೇ ಎಡಗೈಯ ಬೆರಳುಗಳನ್ನು ಬಲಗೈಯಲ್ಲಿ ಹಿಡಿದು, ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ಎತ್ತಿದಳು.

"ನೋಡ್ರಿ ಕಾಕಾ, ಆ ಗದಗಿನವ್ರು ಕೇಳಿದ ದರ ಹಿಂಗ..."

ಕೊಟ್ರಪ್ಪ ಅವಳ ಬೆರಳುಗಳನ್ನು ದಿಟ್ಟಿಸಿದ. ಆಮೇಲೆ, "ಹೆಬ್ಬೆರಳು ತಪ್ಪೈತಿ," ಎಂದವನೇ ಮುಂದೆ ಬಂದು, ಅಷ್ಟೂ ಜನರ ಎದುರಿನಲ್ಲಿ, ಬರಿಗೈಯಿಂದ ಮಗಳ ಹೆಬ್ಬೆರಳನ್ನು ಸರಿಪಡಿಸಿದ.