ಅಡುಗೆಭಟ್ಟನ ಕೂಪನ್

“ನೀವು ಈ ಆಟದ ಅಧಿಕೃತ ಬಳಕೆದಾರರಲ್ಲ” ಎಂದಿತು ಲ್ಯಾಪ್‌ಟಾಪು. ಹೇಳಿದ್ದು ಯಾರಿಗೆ? ಆಟ ಮಾಡಿದವಳಿಗೇ. ಮೂರು ವರ್ಷ ಕೂತು ಅದರ ಒಂದೊಂದು ಈರುಳ್ಳಿಗೂ ಬಣ್ಣ ಬಳಿದಿದ್ದ ಶ್ರೀನಿಧಿ, ಶೇಂದ್ರಾ ಎಂಬ ಕೈಗಾರಿಕಾ ಊರಿನ ಸಭಾಂಗಣದ ವೇದಿಕೆಯ ಪಕ್ಕ ಬೆವರುತ್ತಾ ನಿಂತಿದ್ದಳು. ಕಂಪ್ಯೂಟರ್ ಆಟಗಳ ಸ್ಪರ್ಧೆಯಲ್ಲಿ ಇನ್ನು ಹದಿನೈದು ನಿಮಿಷಕ್ಕೆ ಅವಳ ಸರದಿ. ಮೂವರು ತೀರ್ಪುಗಾರರು ಮೆಚ್ಚಿದರೆ ಒಂದು ವರ್ಷ ಆಫೀಸಿನ ಜಾಗ, ಸಂಬಳ. ಮೆಚ್ಚದಿದ್ದರೆ ನಾಶಿಕದಲ್ಲಿ ಅಪ್ಪನ ಹೋಟೆಲಿನ ಕ್ಯಾಶ್ ಕೌಂಟರು. ಆ ಷರತ್ತು ಹಾಕಿದ ಅಪ್ಪ ಸುಧಾಕರ ರಾಯರು ಇಡ್ಲಿಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು.

“ಎಂಥ ಹೇಳ್ತಾ ಉಂಟು ಅದು?”

“ಲ್ಯಾಪ್‌ಟಾಪ್ ಹೊಸದಲ್ವಾ ಅಪ್ಪಾ, ಆಟದ ಬೀಗಕ್ಕೆ ನನ್ನ ಗುರುತು ಸಿಗ್ತಿಲ್ಲ. ಥಾಂಬಾ, ಸ್ವಲ್ಪ ನಿಲ್ಲಿ, ಬೀಗದ ಕಂಪೆನಿಗೆ ಫೋನ್ ಮಾಡ್ತೇನೆ.”

ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದು ರಾಯರು. ಆಟಕ್ಕೆ ಬೀಗ ಹಾಕಿಸಿದ್ದೂ ಅವರೇ. ಮಗಳ ಮೊದಲ ಆಟವನ್ನು ಕೊಂಡವರಿಗಿಂತ ಕದ್ದು ಆಡಿದವರೇ ಹೆಚ್ಚಾದಾಗ ರಾಯರ ರಕ್ತ ಕುದಿದಿತ್ತು. ಅವರ ಹೋಟೆಲಿನಲ್ಲಿ ಮೊದಲು ಕೂಪನ್, ಆಮೇಲೆ ದೋಸೆ. ಸ್ವಂತ ಭಾವ ಬಂದರೂ ಅದೇ ಕಾನೂನು. “ಕೂಪನ್ ಇಲ್ಲದೆ ಕೊಟ್ಟರೆ ಊರೇ ತಿಂದು ಕೈ ತೊಳೆದು ಹೋಗ್ತದೆ” ಎಂದು ಈ ಎರಡನೆಯ ಆಟಕ್ಕೆ ಕೊಳ್ಳದವರಿಗೆ ತೆರೆಯದಂಥ ದುಬಾರಿ ಬೀಗವನ್ನೇ ಹಾಕಿಸಿದರು. ಬೀಗ ನಾಲ್ಕು ತಿಂಗಳು ಕಳ್ಳರನ್ನು ತಡೆದದ್ದು ಸುಳ್ಳಲ್ಲ. ಆ ನಾಲ್ಕು ತಿಂಗಳು ಆಟ ಚೆನ್ನಾಗಿಯೇ ಮಾರಾಟವಾಗಿತ್ತು. ಬೀಗವಿಲ್ಲದ ಮೂಲ ಪ್ರತಿ ಈಗ ನಾಶಿಕದ ಮನೆಯ ಕಂಪ್ಯೂಟರಿನಲ್ಲಿತ್ತು, ಮನೆಯ ಕೀಲಿ ರಾಯರ ಜೇಬಿನಲ್ಲಿತ್ತು, ನಡುವೆ ನಾಲ್ಕು ಗಂಟೆಯ ದಾರಿ.

ಬೀಗದ ಕಂಪೆನಿಯ ಹುಡುಗಿ ಜೇನಿನಂಥ ದನಿಯಲ್ಲಿ ಕೇಳಿದಳು, “ಮೇಡಂ, ಖರೀದಿಯ ಬಿಲ್ ನಂಬರ್ ಹೇಳಿ.”

“ನಾನು ಕೊಂಡಿಲ್ಲ. ನಾನೇ ಮಾಡಿದ್ದು.”

“ಬಿಲ್ ಇಲ್ಲದಿದ್ದರೆ ತೆರೆಯಲಾಗುವುದಿಲ್ಲ ಮೇಡಂ. ಮಾಡಿದವರಿಗೆ ಬೇರೆ ವಿಭಾಗ ಇದೆ. ಇಮೇಲ್ ಬರೆಯಿರಿ, ಮೂರು ದಿನದಲ್ಲಿ ಉತ್ತರ ಬರುತ್ತದೆ.”

ರಾಯರು ಫೋನು ಕಿತ್ತುಕೊಂಡರು. “ನಮ್ಮಲ್ಲಿ ಅಡುಗೆಭಟ್ಟನ ಹತ್ತಿರ ಕೂಪನ್ ಕೇಳುವ ಕ್ರಮ ಇಲ್ಲ, ಗೊತ್ತುಂಟಾ?” ಎಂದು ಕನ್ನಡದಲ್ಲೇ ಕೂಗಿದರು. ಆ ಕಡೆಯಿಂದ ಸಂಗೀತ ಕೇಳಿಸಿತು. ಕಳ್ಳನನ್ನು ಬಿಟ್ಟು ಮನೆಯೊಡತಿಯನ್ನೇ ಕಚ್ಚುವ ನಾಯಿಗೆ ತಾವು ಇಷ್ಟು ದಿನ ತುಪ್ಪ ಹಾಕಿ ಅನ್ನ ಕಲಸಿದ್ದೆವಲ್ಲ ಎಂದು ರಾಯರಿಗೆ ಮೈಯೆಲ್ಲ ಉರಿಯಿತು. ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ.

ಮೈಕಿನ ಪೆಟ್ಟಿಗೆಯ ಹಿಂದಿನಿಂದ ಐವತ್ತು ದಾಟಿದ ಒಬ್ಬರು ಎದ್ದು ಬಂದರು. ಸಭಾಂಗಣದ ಮೈಕು, ಪರದೆ ನೋಡಿಕೊಳ್ಳುವ ವಿಶ್ವನಾಥಪ್ಪ; ಬೀದರ್ ಕಡೆಯವರು. ಕನ್ನಡ ಕಿವಿಗೆ ಬಿದ್ದಾಗಿನಿಂದ ಚಡಪಡಿಸುತ್ತಿದ್ದವರು ಲ್ಯಾಪ್‌ಟಾಪಿನಲ್ಲಿ ಲಾರಿಯ ಚಿತ್ರ ಕಂಡು ಕೇಳಿದರು.

“ತಂಗೀ, ಈರುಳ್ಳಿ ಲಾರಿ ಆಟ ಅಲ್ಲೇನ್ರಿ? ನನ್ನ ಬಲ್ಲಿ ಅದ. ಈ ಪರದೆಗಿ ಹಚ್ಚಿದ ಕಂಪ್ಯೂಟರ್‌ದಾಗೇ ಅದ.”

“ಕೊಂಡುಕೊಂಡದ್ದಾ?” ಎಂದರು ರಾಯರು.

ವಿಶ್ವನಾಥಪ್ಪ ನೆಲ ನೋಡಿದರು. “ಬೀಗ ಮುರದದ್ದರಿ. ಪೆನ್‌ಡ್ರೈವ್‌ದಾಗ ಯಾರೋ ಕೊಟ್ರು. ಮೂರನೇ ಸಲ ಆಡ್ಲತ್ತೀನ್ರಿ. ದಾರ್ಯಾಗ ಘೋಟಿ ಊರು ಬರೂದ್ರಾಗ ಈರುಳ್ಳಿ ಕೊಳೀಲಿಕ್ಕ ಚಾಲೂ ಆಗ್ತದ ನೋಡ್ರಿ, ಜೀವಾ ಬಾಯಿಗಿ ಬರ್ತದ!”

“ಹಾಗಾದರೆ ಕೂಪನ್ ಇಲ್ಲದೆ ತಿಂದದ್ದು ನೀವು! ನಿಮ್ಮಂಥವರಿಂದಲೇ ಈ ಹಾಳು ಬೀಗ ಹಾಕಿಸಬೇಕಾಯ್ತು. ನಾಚಿಕೆ ಆಗುದಿಲ್ವಾ?”

“ಆಗ್ತದ್ರಿ,” ಎಂದರು ವಿಶ್ವನಾಥಪ್ಪ. “ಹಚ್ಲೇನು?”

ವೇದಿಕೆಯಿಂದ ಶ್ರೀನಿಧಿಯ ಹೆಸರು ಕೂಗಿದರು. ಅವಳು ಅಪ್ಪನನ್ನು ನೋಡಿದಳು. ಎದುರುಗಡೆ ಇಪ್ಪತ್ತೆಂಟು ವರ್ಷ ಒಂದು ಕಾಫಿಯನ್ನೂ ಪುಕ್ಕಟೆ ಕೊಡದ ಮನುಷ್ಯ. ರಾಯರು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತಿರುಗಿಸುತ್ತಾ, “ಹಚ್ಚಿ ಮಾರಾಯ್ರೆ” ಎಂದರು.

ದೊಡ್ಡ ಪರದೆ ಕಪ್ಪಾಯಿತು. ಶ್ರೀನಿಧಿಯ ಹೆಸರಿಗೂ ಮೊದಲು ಇಂಗ್ಲಿಷಿನಲ್ಲಿ ಎರಡು ಸಾಲು ಬಿಳಿ ಅಕ್ಷರ ಮೂಡಿತು: ‘ಇಷ್ಟವಾದರೆ ಕೊಂಡುಕೊಳ್ಳಿ. ಇದನ್ನು ಮಾಡಿದವರು ತುಂಬಾ ಕಷ್ಟಪಟ್ಟಿದ್ದಾರೆ.’

“ಇದು ಯಾರು ಬರೆದದ್ದು?” ರಾಯರು ಪಿಸುಗುಟ್ಟಿದರು.

“ಬೀಗ ಮುರದವ್ರು. ಅವ್ರು ಎಲ್ಲಾ ಆಟಕ್ಕೂ ಹಿಂಗೇ ಬರೀತಾರ್ರಿ.”

ರಾಯರು ಆ ಸಾಲುಗಳನ್ನು ಇನ್ನೊಮ್ಮೆ ಓದಿದರು. ದುಡ್ಡು ಎಣಿಸಿಕೊಂಡ ಕಂಪೆನಿ ಮಗಳನ್ನು ಗುರುತಿಸಲಿಲ್ಲ. ಅವಳ ಕಷ್ಟ ಅರ್ಥವಾದದ್ದು ಕಳ್ಳರಿಗೆ. ಎಂಥ ಕರ್ಮ!

ಪರದೆಯ ಮೇಲೆ ಲಾರಿ ಹೊರಟಿತು. ಘೋಟಿ ಬರುವಷ್ಟರಲ್ಲಿ ಮೂವರು ತೀರ್ಪುಗಾರರೂ ಕುರ್ಚಿಯ ತುದಿಗೆ ಬಂದಿದ್ದರು. ಆಟ ಮುಗಿದ ಮೇಲೆ ನಡುವೆ ಕೂತಿದ್ದ ಹೆಂಗಸು ಕನ್ನಡಕ ತೆಗೆದು ಮರಾಠಿಯಲ್ಲಿ ಕೇಳಿದರು: “ಆಟ ಇರಲಿ, ನನ್ನ ಮನಸ್ಸಿಗೆ ತಾಕಿದ್ದು ಮೊದಲಿನ ಆ ಎರಡು ಸಾಲು. ಎಷ್ಟು ವಿನಯ! ಅದನ್ನೂ ನೀವೇ ಬರೆದದ್ದಾ?”

ಶ್ರೀನಿಧಿ ಅಪ್ಪನ ಕಡೆ ತಿರುಗಿದಳು.

“ಹೌದು ಹೌದು, ಅವಳದ್ದೇ!” ಮೈಕಿನ ಪೆಟ್ಟಿಗೆಯ ಪಕ್ಕ ಕೂತಿದ್ದ ರಾಯರು ಎದ್ದು ನಿಂತು ಮರಾಠಿಯಲ್ಲೇ ಕೂಗಿದರು. ಹೆಂಗಸು ತಲೆದೂಗಿ ಎದುರಿನ ಕಾಗದದಲ್ಲಿ ಏನೋ ಬರೆದುಕೊಂಡರು.

ರಾಯರು ಬೆವರು ಒರೆಸಿಕೊಂಡು ಕೂತರು. ಪಕ್ಕದಲ್ಲಿ ವಿಶ್ವನಾಥಪ್ಪ ಪರದೆಯ ಕಡೆಯೇ ನೋಡುತ್ತಾ ಮೆಲ್ಲಗೆ ಕೇಳಿದರು:

“ಸಾವ್ಕಾರ್ರ, ಆ ಎರಡು ಸಾಲಿಗಿ ಕೂಪನ್ ತಗೊಂಡೀರೇನ್ರಿ?”